ನಯಾಜನ ಬಾಯಲ್ಲಿ ಬೇರೆ ದನಿ

ಸುರಯ್ಯಾಳ ಗಂಡ ನಯಾಜ್ ತೀರಿಕೊಂಡು ಮೂರು ವರ್ಷವಾದ ಮೇಲೆ ಅವನು ನಟಿಸಿದ ಸಿನಿಮಾ ಥಿಯೇಟರಿಗೆ ಬಂತು.

ಅವನೇನೂ ಕಸುಬಿನ ನಟನಲ್ಲ. ಶಿವಾಜಿನಗರದ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುವ ಸಣ್ಣ ಅಂಗಡಿ ಅವನದು. ಆದರೆ ಮಾತಿಗೆ ನಿಂತರೆ ಅವನನ್ನು ಮೀರಿಸುವವರಿರಲಿಲ್ಲ. ಮದುವೆ ಮನೆಗಳಲ್ಲಿ ಅವನ ಸುತ್ತ ಕುರ್ಚಿ ಎಳೆದುಕೊಂಡು ಕೂತವರು ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಹಲಸೂರಿನ ಸಿದ್ಧಾರ್ಥ್ ಎಂಬ ಯುವಕ ಒಮ್ಮೆ ತನ್ನ ತಾಯಿಯ ಮಿಕ್ಸಿ ಹಿಡಿದುಕೊಂಡು ಬಂದಾಗ ನಯಾಜ್ ಒಬ್ಬ ಹೆಂಗಸಿನ ಜೊತೆ ವಾದಕ್ಕಿಳಿದಿದ್ದ. “ಅಮ್ಮಾ, ನಿಮ್ಮ ಮಿಕ್ಸಿ ಸತ್ತೋಗಿದೆ. ನಾನು ಡಾಕ್ಟ್ರು ಅಷ್ಟೇ, ಮೇಲಿನವನಲ್ಲ. ತಗೊಂಡೋಗಿ ಮಣ್ಣು ಮಾಡಿ, ನಾನೂ ಬಂದು ಒಂದು ಹಿಡಿ ಹಾಕ್ತೀನಿ.” ಸಿದ್ಧಾರ್ಥ್ ಆಗ ತನ್ನ ಮೊದಲ ಸಿನಿಮಾಕ್ಕೆ ಜನರನ್ನು ಹುಡುಕುತ್ತಿದ್ದ. ಮಿಕ್ಸಿ ಅಲ್ಲೇ ಬಿಟ್ಟು ನಯಾಜನನ್ನು ಕರೆದುಕೊಂಡು ಹೋದ.

ಶೂಟಿಂಗ್ ನಡೆದದ್ದು ಕಾಕ್ಸ್‌ಟೌನಿನ ಒಂದು ಹಳೆಯ ಅಪಾರ್ಟ್‌ಮೆಂಟಿನಲ್ಲಿ. ಕೆಡವಲು ಖಾಲಿ ಮಾಡಿಸಿದ್ದ ಕಟ್ಟಡ ಅದು. ಆ ಚಳಿಗಾಲದಲ್ಲಿ ನಯಾಜ್ ಸಂಜೆಯ ಹೊತ್ತಿಗೆ ಮನೆಗೆ ಬಂದು ಸುರಯ್ಯಾಳನ್ನೂ ಮಗಳು ಸುಮೈರಾಳನ್ನೂ ಮಂಚದ ಮೇಲೆ ಕೂರಿಸಿ ಅವತ್ತು ಮಾಡಿದ್ದನ್ನೆಲ್ಲ ಮತ್ತೊಮ್ಮೆ ಮಾಡಿ ತೋರಿಸುತ್ತಿದ್ದ.

“ಹೀರೋ ಯಾರು?” ಎಂದು ಸುರಯ್ಯಾ ಕೇಳಿದ್ದಳು.

“ಹೀರೋನೇ ಇಲ್ಲ. ನಾವು ಎಂಟು ಜನ, ಎಲ್ಲರೂ ಅರೆಹುಚ್ಚರು. ಒಂಬತ್ತನೆಯವನು ಹೆಣ. ನಮ್ಮೆಲ್ಲರಿಗಿಂತ ಅವನಿಗೇ ಸೀನ್ ಜಾಸ್ತಿ.”

“ಥೂ, ಹೆಣ ಇಟ್ಕೊಂಡು ನಗಿಸ್ತಾರಾ?”

“ನೀನು ನೋಡು. ನಕ್ಕು ನಕ್ಕು ಅತ್ತುಬಿಡ್ತೀಯ.”

ಆಮೇಲೆ ಬೇಸಿಗೆ ಬಂತು, ಎರಡನೆಯ ಸಲ ಕೊರೋನಾ ಬಂತು. ನಯಾಜ್ ಕೆಮ್ಮುತ್ತಾ ಆಸ್ಪತ್ರೆಗೆ ಹೋದವನು ತಿರುಗಿ ಬರಲಿಲ್ಲ. ಹೆಣಗಳನ್ನು ಮಣ್ಣು ಮಾಡುವ ಕೆಲಸಕ್ಕೆ ತಾವಾಗಿ ಇಳಿದಿದ್ದ ಬಡಾವಣೆಯ ಹುಡುಗರು ಕರುಣೆಯವರು. ಖಬರಸ್ತಾನಕ್ಕೆ ಹೋಗುವ ದಾರಿಯಲ್ಲಿ ಆಂಬುಲೆನ್ಸನ್ನು ಗಲ್ಲಿಯ ಬಾಯಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದರು. ತಾಯಿ ಮಗಳು ದೂರದಿಂದ ನೋಡಿದರು. ನೋಡುವುದಕ್ಕೆ ಅಲ್ಲಿ ಜಿಪ್ ಎಳೆದ ಚೀಲವೊಂದನ್ನು ಬಿಟ್ಟರೆ ಏನೂ ಇರಲಿಲ್ಲ. ಪ್ಲಾಸ್ಟಿಕ್ ಉಡುಪಿನೊಳಗಿಂದ ಒಬ್ಬ ಕೂಗಿ ಹೇಳಿದ: “ಮೂರೇ ಜನ ಇದೀವಿ. ಮನೆಯವರು ಗಂಡಸರು ಒಬ್ಬರು ಬಂದ್ರೆ ಒಳ್ಳೇದು. ಕಿಟ್ ಇದೆ, ನಾವೇ ಹಾಕ್ತೀವಿ.”

ಮನೆಯ ಗಂಡಸು ಎಂದರೆ ನಯಾಜನ ತಮ್ಮ ಹಾಶಿಮ್. ಪಕ್ಕದ ಮನೆ, ನಡುವೆ ಒಂದೇ ಗೋಡೆ. ಸುಮೈರಾ ಓಡಿಹೋಗಿ ಬಾಗಿಲು ಬಡಿದಳು. “ಚಾಚಾ, ಅಬ್ಬಾ ಬಂದಿದಾರೆ, ಬನ್ನಿ” ಎಂದು ಕೂಗಿದಳು. ಒಳಗೆ ಯಾರೋ ನಡೆದಾಡಿದ್ದು ಕೇಳಿಸಿತು. ಬಾಗಿಲು ತೆರೆಯಲಿಲ್ಲ. ಆಂಬುಲೆನ್ಸ್ ಕಾದು ಕಾದು ಹೊರಟುಹೋಯಿತು. ನಯಾಜನನ್ನು ಮೂರು ಜನ ಅಪರಿಚಿತರು ಎತ್ತಿ ಇಳಿಸಿದರು.

ಹಾಶಿಮನಿಗೆ ಹಾಸಿಗೆ ಅಂಗಡಿ. ಚಿಕ್ಕಂದಿನಿಂದ ಹತ್ತಿಯ ಧೂಳು ಕುಡಿದು ದಮ್ಮು ಹಿಡಿದಿತ್ತು. ಆ ರೋಗ ತಗುಲಿದರೆ ಅವನು ಉಳಿಯುತ್ತಿರಲಿಲ್ಲ ಎಂದು ಗಲ್ಲಿಯವರೆಲ್ಲ ಹೇಳಿದರು. ಸುರಯ್ಯಾಳೂ ಅಲ್ಲವೆನ್ನಲಿಲ್ಲ. ಆದರೆ ಅವತ್ತಿನಿಂದ ಅವನ ಜೊತೆ ಮಾತು ಬಿಟ್ಟಳು. ಈದ್‌ಗೆ ಅವನ ಹೆಂಡತಿ ಶೀಬಾ ಕಳಿಸಿದ ಶೀರ್ ಖುರ್ಮಾವನ್ನು ಸುಮೈರಾ ತೆಗೆದುಕೊಳ್ಳುತ್ತಿದ್ದಳು, ಸುರಯ್ಯಾ ಮುಟ್ಟುತ್ತಿರಲಿಲ್ಲ. ಅವಳಿಗೆ ಸಹಿಸಲಾಗದಿದ್ದ ಸಂಗತಿ ಇನ್ನೊಂದಿತ್ತು. ಅಣ್ಣತಮ್ಮಂದಿರ ದನಿ ಒಂದೇ. ಫೋನಿನಲ್ಲಿ ಹೆತ್ತ ತಾಯಿಗೇ ಗೊತ್ತಾಗುತ್ತಿರಲಿಲ್ಲವಂತೆ. ಹಾಶಿಮ್ ತನ್ನ ಮನೆಯಲ್ಲಿ ಚಹಾ ಕೇಳಿದರೆ, ಮಕ್ಕಳನ್ನು ಗದರಿದರೆ, ಗೋಡೆಯ ಈಚೆ ಸುರಯ್ಯಾಳ ಕೈಯಲ್ಲಿದ್ದ ಪಾತ್ರೆ ನಿಂತುಬಿಡುತ್ತಿತ್ತು. ಸತ್ತವನ ದನಿ ಬದುಕಿತ್ತು, ಬಾಗಿಲು ತೆರೆಯದವನ ಗಂಟಲಿನಲ್ಲಿ.

ಸಿನಿಮಾ ನಿಂತೇಹೋಯಿತು ಎಂದುಕೊಂಡಿದ್ದರು. ಹೋದ ವರ್ಷ ಸಿದ್ಧಾರ್ಥ್ ಮನೆ ಹುಡುಕಿಕೊಂಡು ಬಂದ. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ನಯಾಜನ ಫೋಟೋದ ಎದುರಿಗೆ ಕೂತ.

“ಆಂಟಿ, ಪಿಕ್ಚರ್ ಮುಗಿಸ್ತಿದೀನಿ. ಉಳಿದವರೆಲ್ಲ ಡಬ್ಬಿಂಗ್ ಮಾಡಿದ್ರು. ನಯಾಜ್ ಸರ್‌ದು ಮಾತ್ರ ಬಾಕಿ. ಶೂಟಿಂಗಲ್ಲಿ ರೆಕಾರ್ಡ್ ಆಗಿದ್ದು ಇದೆ, ಆದ್ರೆ ಪಕ್ಕದಲ್ಲಿ ರೋಡ್ ಅಗೀತಿದ್ರಲ್ಲ, ಸರ್ ಮಾತು ಒಂದೂ ಸರಿಯಾಗಿ ಕೇಳಿಸ್ತಿಲ್ಲ.” ಅವನು ಹಿಂಜರಿಯುತ್ತಾ ಕೇಳಿದ. “ಮನೇಲಿ ಯಾರದಾದ್ರೂ ದನಿ ಅವರ ಥರ ಇದೆಯಾ? ಅಣ್ಣ, ತಮ್ಮ ಯಾರಾದ್ರೂ? ನಾವು ಹೇಳ್ಕೊಟ್ಟು ಮಾಡಿಸ್ತೀವಿ.”

ಅದೇ ಹೊತ್ತಿಗೆ ಗೋಡೆಯ ಆಚೆ ಹಾಶಿಮ್ ಕೆಮ್ಮಿದ. ಸುಮೈರಾ ತಾಯಿಯ ಮುಖ ನೋಡಿದಳು.

“ಯಾರೂ ಇಲ್ಲಪ್ಪ” ಎಂದಳು ಸುರಯ್ಯಾ. “ನೀವೇ ಯಾರನ್ನಾದ್ರೂ ನೋಡ್ಕೊಳ್ಳಿ.”

ಸಿನಿಮಾದ ಹೆಸರು ‘ಲಿಫ್ಟ್ ಕೆಟ್ಟಿದೆ’. ಬಿಡುಗಡೆಯಾದ ಮೊದಲ ವಾರ ಸುರಯ್ಯಾ ಹೋಗುವುದಿಲ್ಲ ಎಂದಳು. ಸುಮೈರಾ ಫ್ರೇಜರ್ ಟೌನಿನ ನರ್ಸರಿ ಸ್ಕೂಲಿನಲ್ಲಿ ಟೀಚರ್. ಅಲ್ಲಿಯ ಮಿಸ್‌ಗಳೆಲ್ಲ ನೋಡಿ ಬಂದು ಅವಳನ್ನು ಸುತ್ತುಗಟ್ಟಿ ಹೊಗಳಿದ್ದರು. “ಅಮ್ಮೀ, ಎಲ್ಲರೂ ಅಬ್ಬಾನ ನೋಡಿದಾರೆ, ನಾವಿಬ್ಬರು ಬಿಟ್ಟು” ಎಂದಾಗ ಸುರಯ್ಯಾ ಬುರ್ಖಾ ತೆಗೆದುಕೊಂಡಳು. ಹತ್ತಿರದಲ್ಲಿ ಎಲ್ಲೂ ಆಟವಿರಲಿಲ್ಲ. ಮೆಟ್ರೋ ಹತ್ತಿ ಕೆ.ಆರ್. ಪುರಂ ಕಡೆಯ ಒಂದು ಮಾಲ್‌ಗೆ ಹೋದರು. ಬೆಳಗಿನ ಆಟ. ಅರ್ಧ ಹಾಲ್ ತುಂಬಿತ್ತು, ಬಹುಪಾಲು ಕತ್ತಿನಲ್ಲಿ ಆಫೀಸಿನ ಟ್ಯಾಗ್ ಹಾಕಿಕೊಂಡವರೇ.

ಕತೆ ಇಷ್ಟು. ಐದನೆಯ ಮಹಡಿಯಲ್ಲಿ ಅಸೋಸಿಯೇಶನ್ನಿನ ಸೆಕ್ರೆಟರಿ ಸತ್ತಿದ್ದಾನೆ. ಲಿಫ್ಟ್ ಕೆಟ್ಟು ವರ್ಷವಾಗಿದೆ. ರಿಪೇರಿ ಬೇಡವೆಂದು ಹಟ ಹಿಡಿದು ‘ಲಿಫ್ಟ್ ಕೆಟ್ಟಿದೆ’ ಎಂದು ತನ್ನ ಕೈಯಾರೆ ಬೋರ್ಡು ಬರೆದು ತೂಗುಹಾಕಿದವನು ಅವನೇ. ಈಗ ಅವನನ್ನು ಮೆಟ್ಟಿಲಿನಲ್ಲಿ ಇಳಿಸಬೇಕು. ಮೆಟ್ಟಿಲು ಇಕ್ಕಟ್ಟು, ಮಲಗಿಸಿ ತರಲಾಗದು. ಕೆಂಪು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಪಂಚೆಯಿಂದ ಬಿಗಿದಿದ್ದಾರೆ. ಹೊರುವವರು ಎಂಟು ಜನ, ಒಬ್ಬರಿಗೊಬ್ಬರು ಆಗದವರು. ರಿಟೈರಾದ ಹೆಡ್‌ಮಿಸ್ ಒಬ್ಬರು, ಟಿವಿಯಲ್ಲಿ ಭವಿಷ್ಯ ಹೇಳುವವನೊಬ್ಬ, ಮಾರನೆಯ ದಿನ ನಿಶ್ಚಿತಾರ್ಥ ಇಟ್ಟುಕೊಂಡ ಹುಡುಗಿ, ಜಿಮ್‌ನವನು, ಡ್ಯೂಟಿಗೆ ತಡವಾಯಿತೆಂದು ತಮಿಳಿನಲ್ಲಿ ಬೈಯುವ ನರ್ಸು. ಒಬ್ಬೊಬ್ಬರಿಗೂ ಅವರವರ ಅವಸರ, ಅವರವರ ಜಗಳ. ಯಾರದ್ದೂ ಕಡಿಮೆಯಲ್ಲ, ಯಾರದ್ದೂ ಹೆಚ್ಚಲ್ಲ. ಹೆಣದ ಜೇಬಿನಲ್ಲಿರುವ ಫೋನು ಗಂಟೆಗೊಮ್ಮೆ ಅವನದೇ ದನಿಯಲ್ಲಿ “ಮೋಟರ್ ಆಫ್ ಮಾಡಿ” ಎನ್ನುತ್ತದೆ. ಅಂದ ತಕ್ಷಣ ಎಲ್ಲರೂ ಅಭ್ಯಾಸಬಲದಿಂದ ಕುರ್ಚಿ ಕೆಳಗಿಟ್ಟು ಮೋಟರಿನ ಕಡೆ ಓಡುತ್ತಾರೆ. ಸೆಕ್ರೆಟರಿ ಒಬ್ಬನೇ ಮೆಟ್ಟಿಲಿನ ತಿರುವಿನಲ್ಲಿ ಗೋಡೆ ನೋಡುತ್ತಾ ಕೂತಿರುತ್ತಾನೆ.

ಹಾಲ್ ಬಿದ್ದು ಬಿದ್ದು ನಗುತ್ತಿತ್ತು. ಸುರಯ್ಯಾಳಿಗೂ ಒಂದೆರಡು ಸಲ ತುಟಿ ಅರಳಿತು. ಅಷ್ಟರಲ್ಲಿ ನಾಲ್ಕನೆಯ ಮಹಡಿಯ ಬಾಗಿಲು ತೆರೆದು ನಯಾಜ್ ಹೊರಗೆ ಬಂದ. ಹೆಸರು ಗೌಸ್ ಭಾಯ್. ಅದೇ ಹೊಟ್ಟೆ, ಅದೇ ಬನಿಯನ್ನು, ಕಿವಿಯ ಹಿಂದೆ ಸಿಕ್ಕಿಸಿಕೊಂಡ ಪೆನ್ಸಿಲ್. ಸುಮೈರಾ ತಾಯಿಯ ಕೈ ಹಿಡಿದುಕೊಂಡಳು. ನಯಾಜ್ ಬಾಯಿ ತೆರೆದ.

ಯಾರದೋ ದನಿ ಬಂತು.

ಒಳ್ಳೆಯ ದನಿಯೇ. ತುಂಬಿದ ದನಿ, ಹಾಸ್ಯ ಬಲ್ಲ ದನಿ. ತುಟಿಗೆ ತಕ್ಕಹಾಗೆ ಕೂರಿಸಿದ್ದರು. “ಎಡಕ್ಕೆ, ಎಡಕ್ಕೆ! ನಿಮ್ಮ ಎಡ ಅಲ್ಲ ರೀ, ಅವರ ಎಡ!” ಎಂದು ಗೌಸ್ ಭಾಯ್ ಹೆಣದ ಕಡೆ ಬೆರಳು ಮಾಡಿದಾಗ ಜನ ಚಪ್ಪಾಳೆ ತಟ್ಟಿದರು. ಸುರಯ್ಯಾಳಿಗೆ ಮಾತ್ರ ಯಾರೋ ತನ್ನ ಗಂಡನ ಚಪ್ಪಲಿ ಮೆಟ್ಟಿಕೊಂಡು ಮನೆಯೊಳಗೆ ಓಡಾಡಿದಂತಾಯಿತು. ಕೋಪ ನೆತ್ತಿಗೇರಿತು. ಮರುಕ್ಷಣವೇ, ಆ ಕೋಪವನ್ನು ಯಾರ ಮೇಲೂ ಎತ್ತುವಂತಿಲ್ಲ ಎನ್ನುವುದು ಹೊಳೆಯಿತು. ಯಾರೂ ಇಲ್ಲಪ್ಪ ಎಂದವಳು ಅವಳೇ.

ಮೂರನೆಯ ಮಹಡಿಗೆ ಬರುವಷ್ಟರಲ್ಲಿ ಜಿಮ್‌ನವನ ಸೊಂಟ ಹಿಡಿದು ಇನ್ನೊಬ್ಬ ಆಳು ಬೇಕಾಗುತ್ತದೆ. ಆ ಮಹಡಿಯಲ್ಲಿರುವವನು ಸೆಕ್ರೆಟರಿಯ ಒಬ್ಬನೇ ಗೆಳೆಯ, ದಿನಾ ಜೊತೆಗೆ ಕೇರಂ ಆಡುತ್ತಿದ್ದವನು. ಒಳಗಿದ್ದಾನೆ, ಬಾಗಿಲು ತೆರೆಯುತ್ತಿಲ್ಲ. ಗೌಸ್ ಭಾಯ್ ಬಾಗಿಲು ಬಡಿಯುತ್ತಾನೆ.

“ಸಾಯೋಕೆ ಕರೀತಿಲ್ಲ ಸ್ವಾಮಿ, ಹಿಡ್ಕೊಳ್ಳೋಕೆ ಕರೀತಿದೀನಿ! ಪೂರ್ತಿ ಬೇಡ, ಕುರ್ಚಿದು ಒಂದು ಕಾಲು ಹಿಡ್ಕೊಳ್ಳಿ ಸಾಕು. ಉಳಿದ ಮೂರು ನಾವು ನೋಡ್ಕೋತೀವಿ!”

ಹಾಲ್ ಮತ್ತೆ ಘೊಳ್ಳೆಂದಿತು. ಅವತ್ತು ಚಾಚಾನ ಬಾಗಿಲು ಬಡಿದಿದ್ದ ಸುಮೈರಾ ನಗಲಿಲ್ಲ. ಈ ದೃಶ್ಯ ತೆಗೆದಾಗ ನಯಾಜ್ ಗಟ್ಟಿಯಾಗಿದ್ದ, ಸಂಜೆ ಮನೆಗೆ ಬಂದು ಎರಡು ತಟ್ಟೆ ಅನ್ನ ಉಂಡಿದ್ದ.

ಬೈದು ಬೈದು ಸುಸ್ತಾಗಿ ಗೌಸ್ ಭಾಯ್ ಬಾಗಿಲಿನ ಮುಂದೆ ಮೆಟ್ಟಿಲ ಮೇಲೆ ಕೂರುತ್ತಾನೆ. ಉಳಿದವರು ಕೆಳಗೆ ಆಳು ಹುಡುಕಲು ಹೋಗಿದ್ದಾರೆ. ಅವನೂ ಹೆಣವೂ ಇಬ್ಬರೇ. ಆಗ ಬಾಗಿಲಿನ ಕೆಳಗಿನ ಸಂದಿಯಿಂದ ಏನೋ ಸರಿದು ಹೊರಗೆ ಬರುತ್ತದೆ. ಕೇರಂನ ಸ್ಟ್ರೈಕರ್. ಗೌಸ್ ಭಾಯ್ ಅದನ್ನು ಎತ್ತಿಕೊಂಡು ಬಾಗಿಲನ್ನು ನೋಡುತ್ತಾನೆ. ಏನೋ ಹೇಳಲು ಬಾಯಿ ತೆರೆದು, ಹೇಳದೆ, ಸೆಕ್ರೆಟರಿಯ ಅಂಗಿಯ ಜೇಬಿಗೆ ಸ್ಟ್ರೈಕರ್ ಇಳಿಸಿ ಜೇಬನ್ನು ಮೆಲ್ಲಗೆ ತಟ್ಟುತ್ತಾನೆ.

ಆ ದೃಶ್ಯದಲ್ಲಿ ಒಂದು ಮಾತೂ ಇರಲಿಲ್ಲ. ಹಾಗಾಗಿ ಅಷ್ಟೂ ನಯಾಜನೇ ಇದ್ದ. ಸುರಯ್ಯಾ ರೆಪ್ಪೆ ಹೊಡೆಯದೆ ನೋಡಿದಳು. ಮೂವತ್ತು ವರ್ಷ ಜೊತೆಗಿದ್ದವಳಿಗೂ ಅವನಿಗೆ ಹೀಗೆ ಸುಮ್ಮನಿರಲು ಬರುತ್ತದೆ ಎನ್ನುವುದು ಗೊತ್ತಿರಲಿಲ್ಲ. ಹೆಣವಿಟ್ಟುಕೊಂಡು ನಗಿಸುತ್ತಾರಾ ಎಂದು ಕೇಳಿದ್ದಳಲ್ಲ. ಇವರು ನಗಿಸುತ್ತಿದ್ದದ್ದು ಹೆಣವನ್ನು ಇಟ್ಟುಕೊಂಡಲ್ಲ, ಹೊರುವವರನ್ನು ಇಟ್ಟುಕೊಂಡು. ಸತ್ತವನನ್ನು ಯಾರೂ ಒಂದು ಕ್ಷಣವೂ ಹಗುರ ಮಾಡಿರಲಿಲ್ಲ. ಬಾಗಿಲ ಹಿಂದಿನವನನ್ನು ಕೂಡ ಸಿದ್ಧಾರ್ಥ್ ಕೊನೆಯವರೆಗೆ ತೋರಿಸಲಿಲ್ಲ, ಅವನಿಗೆ ಶಿಕ್ಷೆಯನ್ನೂ ಕೊಡಲಿಲ್ಲ. ಹೊರಗೆ ಬರುವಾಗ ಹಿಂದಿನ ಸಾಲಿನವನೊಬ್ಬ ಗೆಳೆಯನಿಗೆ “ಮಗಾ, ಆ ಗೌಸ್ ಭಾಯ್ ಯಾರು ಗುರು, ಸಕ್ಕತ್” ಎನ್ನುತ್ತಿದ್ದ. ತಿರುಗಿ ನೋಡಬೇಕೆನಿಸಿದರೂ ಅವಳು ನೋಡಲಿಲ್ಲ.

ಮಾರನೆಯ ದಿನ ಸುರಯ್ಯಾ ಹಾಶಿಮನ ಬಾಗಿಲು ಬಡಿದಳು. ತೆರೆದವನು ಅವನೇ. ಮೂರು ವರ್ಷದಲ್ಲಿ ಬಹಳ ಇಳಿದಿದ್ದ.

“ನಿನ್ನ ಭಾಯ್‌ದು ಪಿಕ್ಚರ್ ಬಂದಿದೆ. ನಾಳೆ ಬೆಳಿಗ್ಗೆ ಆಟಕ್ಕೆ ಬಾ” ಎಂದಳು.

ಅವನಿಗೆ ನೋವಾಗಲಿ ಎಂದೇ ಅವಳು ಕರೆದದ್ದು. ಆ ಬಾಗಿಲಿನ ದೃಶ್ಯದ ಮುಂದೆ ಅವನನ್ನು ಕೂರಿಸಿ ಅವನ ಮುಖ ನೋಡಬೇಕಿತ್ತು. ಹಾಶಿಮ್ ಏನೂ ಕೇಳದೆ ಆಯಿತು ಭಾಭಿ ಎಂದ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಅತ್ತರು ಹಚ್ಚಿಕೊಂಡು, ಮದುವೆಗೆ ಹೊರಟವನಂತೆ ಬಂದ. ಮೆಟ್ರೋದಲ್ಲಿ ಇಬ್ಬರೂ ಬೇರೆ ಬೇರೆ ಕಡೆ ನಿಂತಿದ್ದರು.

ಹಾಶಿಮ್ ನಕ್ಕ. ಮೊದಲಿನಿಂದಲೇ ನಕ್ಕ, ಅಣ್ಣ ಬಂದ ಮೇಲೆ ತೊಡೆ ತಟ್ಟಿಕೊಂಡು ನಕ್ಕ, ದಮ್ಮು ಹತ್ತಿ ಇನ್‌ಹೇಲರ್ ಎಳೆದುಕೊಂಡು ಮತ್ತೆ ನಕ್ಕ. ಸುರಯ್ಯಾ ಪರದೆ ಬಿಟ್ಟು ಅವನನ್ನೇ ನೋಡುತ್ತಿದ್ದಳು. ಮೂರನೆಯ ಮಹಡಿಯ ಬಾಗಿಲಿನ ಮುಂದೆ ಗೌಸ್ ಭಾಯ್ ಬೈಯತೊಡಗಿದಾಗಲೂ ಅವನು ನಗುತ್ತಲೇ ಇದ್ದ. ಕಣ್ಣಿನಿಂದ ನೀರು ಇಳಿದು ಗಡ್ಡದಲ್ಲಿ ಸೇರುತ್ತಿತ್ತು, ನಗು ಮಾತ್ರ ನಿಂತಿರಲಿಲ್ಲ. ಅದು ಎಂಥ ನಗು ಎಂದು ಆ ಮಬ್ಬು ಬೆಳಕಿನಲ್ಲಿ ಅವಳಿಗೆ ತಿಳಿಯಲಿಲ್ಲ. ಸ್ಟ್ರೈಕರ್ ಬಾಗಿಲ ಕೆಳಗಿನಿಂದ ಬಂದಾಗ ಅವನು ಎದ್ದು ಹೊರಗೆ ಹೋದ. ಸಿನಿಮಾ ಮುಗಿಯುವವರೆಗೆ ಒಳಗೆ ಬರಲಿಲ್ಲ.

ಮೆಟ್ರೋ ಸ್ಟೇಷನ್ನಿನ ಬೆಂಚಿನ ಮೇಲೆ ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತರು. ಮೊದಲು ಮಾತಾಡಿದವನು ಹಾಶಿಮ್.

“ಭಾಯ್ ಅದನ್ನ ಹಾಗೆ ಹೇಳ್ತಿರಲಿಲ್ಲ ಭಾಭಿ. ಅವರು ಬೈಯುವಾಗ ಜೋರು ಮಾಡ್ತಿರಲಿಲ್ಲ, ದನಿ ಇಳಿಸ್ತಿದ್ರು.” ನಂತರ, ಎದುರಿನ ಹಳಿಗಳನ್ನು ನೋಡುತ್ತಾ, ಆ ಮಾತನ್ನು ಮೆಲ್ಲಗೆ ಹೇಳಿದ. “ಸಾಯೋಕೆ ಕರೀತಿಲ್ಲ ಸ್ವಾಮಿ. ಹಿಡ್ಕೊಳ್ಳೋಕೆ ಕರೀತಿದೀನಿ.”

ಪಕ್ಕದಲ್ಲಿ ನಯಾಜ್ ಕೂತಿದ್ದ. ಸುರಯ್ಯಾ ತಲೆ ಎತ್ತಲಿಲ್ಲ, ಎತ್ತಿದರೆ ಹಾಶಿಮ್ ಕಾಣುತ್ತಿದ್ದ.

“ಯಾರನ್ನೋ ತಂದು ಹಾಕಿದಾರೆ” ಎಂದ ಹಾಶಿಮ್. “ನನ್ನ ಕೇಳಿದ್ರೆ ನಾನು ಹೇಳ್ತಿರಲಿಲ್ವಾ?”

ಸುಮ್ಮನಿದ್ದುಬಿಡಬಹುದಿತ್ತು. ಸುಮೈರಾಳನ್ನು ಬಿಟ್ಟರೆ ಯಾರಿಗೂ ತಿಳಿಯದು.

“ಕೇಳಿದ್ರು” ಎಂದಳು. “ಮನೆಗೇ ಬಂದು ಕೇಳಿದ್ರು, ಇಂಥ ದನಿ ಯಾರದಾದ್ರೂ ಇದೆಯಾ ಅಂತ. ಯಾರೂ ಇಲ್ಲ ಅಂದೆ. ನೀನು ಗೋಡೆ ಆಚೆ ಕೆಮ್ಮುತಾ ಇದ್ದೆ.”

ರೈಲು ಬಂದು ನಿಂತಿತು. ಬಾಗಿಲು ತೆರೆದು ಮುಚ್ಚಿತು. ಇಬ್ಬರೂ ಹತ್ತಲಿಲ್ಲ.

“ಸರಿಯಾಗೇ ಹೇಳಿದ್ರಿ ಭಾಭಿ” ಎಂದ ಹಾಶಿಮ್.

ಅವನು ಕ್ಷಮೆ ಕೇಳಲಿಲ್ಲ, ಅವಳೂ ಕೇಳಲಿಲ್ಲ. ಇಬ್ಬರ ತಪ್ಪೂ ಆ ಬೆಂಚಿನ ನಡುವಿನ ಖಾಲಿ ಜಾಗದಲ್ಲಿ ಇದ್ದಂತಿತ್ತು. ಮುಂದಿನ ರೈಲಿನ ಸದ್ದು ಕೇಳಿಸಿದಾಗ ಅವನು ಕೇಳಿದ: “ಗೋರಿ ಎಲ್ಲಿದೆ? ನಾನು ಹೋಗೇ ಇಲ್ಲ. ಯಾರನ್ನ ಕೇಳೋದು ಗೊತ್ತಾಗ್ಲಿಲ್ಲ.”

ಮುಂದಿನ ಶುಕ್ರವಾರ ನಮಾಜು ಮುಗಿದ ಮೇಲೆ ಸುರಯ್ಯಾಳೇ ಅವನನ್ನು ಆಟೋದಲ್ಲಿ ಕರೆದುಕೊಂಡು ಹೋದಳು. ಹೆಂಗಸರು ಒಳಗೆ ಹೋಗುವ ರೂಢಿಯಿರಲಿಲ್ಲ. ಅವತ್ತು ಆಂಬುಲೆನ್ಸಿನ ಹುಡುಗರು ಸುಮೈರಾಳ ಫೋನಿಗೆ ಕಳಿಸಿದ್ದ ಗೋರಿಯ ಫೋಟೋದ ನೆನಪಿನಿಂದ ಸುರಯ್ಯಾ ಗುರುತು ಹೇಳಿದಳು. ನೇರ ಹೋಗು, ಬೇವಿನ ಮರ ದಾಟು, ಗೋಡೆಯ ಪಕ್ಕದ ಸಾಲು, ಚಿಕ್ಕ ತಗಡಿನ ಬೋರ್ಡು. ಹಾಶಿಮ್ ಕೈಯಲ್ಲಿ ಹೂವಿನ ಪೊಟ್ಟಣ ಹಿಡಿದು ಒಳಗೆ ಹೋದ. ಅವಳು ಗೇಟಿನ ಹೊರಗೆ ನಿಂತಳು. ಮೋಡ ಕವಿದಿತ್ತು. ಒಳಗೆ ಯಾರದೋ ಹೊಸ ಗುಂಡಿ ತೋಡುವ ಸದ್ದು ಬರುತ್ತಿತ್ತು. ಅವನು ಬಹಳ ಹೊತ್ತು ಬರಲಿಲ್ಲ. ಒಂದು ಹೆಣ ಬಂದು ಒಳಗೆ ಹೋಯಿತು, ಹೊರಲು ಮುಗಿಬಿದ್ದ ಜನ ಹೆಗಲು ಬದಲಿಸುತ್ತಾ ಹೋದರು. ಅವಳು ಆ ಕಡೆ ನೋಡದೆ ರಸ್ತೆಯನ್ನು ನೋಡಿದಳು.

ಹಾಶಿಮ್ ಬಂದಾಗ ಅವನ ಕಣ್ಣು ಕೆಂಪಾಗಿತ್ತು, ಕೈಯೆಲ್ಲ ಮಣ್ಣಾಗಿತ್ತು. ಆದರೆ ಮುಖದಲ್ಲಿ ಬೇರೆಯೇ ಏನೋ ಇತ್ತು. ಗೇಟಿನ ಬಳಿ ನಿಂತು ನೆಲ ನೋಡಿದ.

“ಏನಾಯ್ತು? ಸಿಗಲಿಲ್ವಾ?”

“ಸಿಕ್ತು ಭಾಭಿ. ಕೂತೆ. ಹೂವು ಹಾಕ್ದೆ. ಫಾತಿಹಾ ಓದ್ದೆ. ಮನಸಲ್ಲಿದ್ದಿದ್ದೆಲ್ಲ ಹೇಳ್ಕೊಂಡೆ. ಅವತ್ತು ಯಾಕೆ ಬರಲಿಲ್ಲ, ಒಳಗೆ ಹೇಗೆ ನಿಂತಿದ್ದೆ, ಎಲ್ಲಾ. ಅತ್ತಿದ್ದೂ ಆಯ್ತು.” ಅವನು ಕೈಯ ಮಣ್ಣು ನೋಡಿಕೊಂಡ. “ಆಮೇಲೆ ಬೋರ್ಡ್ ಮೇಲೆ ಧೂಳಿತ್ತು ಅಂತ ಒರೆಸ್ದೆ. ಯಾರೋ ನೂರ್ಜಹಾನ್ ಬೀ ಅಂತ ಬರೆದಿತ್ತು.”

ಸುರಯ್ಯಾ ಅವನ ಮುಖ ನೋಡಿದಳು. ಯಾರೋ ಪಾಪದ ಮುದುಕಿ, ಹಾಶಿಮ್ ಎಂಬ ಹೆಸರನ್ನೇ ಕೇಳದವಳು, ಮೂರು ವರ್ಷದ ಅಷ್ಟೂ ಕತೆಯನ್ನು ಏಳಲಾರದೆ ಮಲಗಿ ಕೇಳಿಸಿಕೊಂಡಿದ್ದಾಳೆ. ಸುರಯ್ಯಾ ಸೆರಗಿನಂತೆ ಇಳಿಬಿಟ್ಟಿದ್ದ ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡಳು, ತಡೆಯಲಾಗಲಿಲ್ಲ. ಖಬರಸ್ತಾನದ ಗೇಟಿನ ಮುಂದೆ, ಹೋಗಿ ಬರುವವರ ಎದುರು, ಸುರಯ್ಯಾ ಜೋರಾಗಿ ನಕ್ಕುಬಿಟ್ಟಳು. ಹೂವು ಮಾರುವವಳು ತಿರುಗಿ ನೋಡಿದಳು. ಹಾಶಿಮ್ ನಗಬೇಕೋ ಬೇಡವೋ ತಿಳಿಯದೆ ಮಣ್ಣಿನ ಕೈಗಳನ್ನು ಮುಂದೆ ಹಿಡಿದುಕೊಂಡು ನಿಂತಿದ್ದ.

ನಗು ನಿಂತ ಮೇಲೆ ಅವಳು ಬಹಳ ಹೊತ್ತು ಗೋಡೆಗೆ ಒರಗಿದ್ದಳು. ಕಣ್ಣು ಒರೆಸಿಕೊಂಡು, ಇನ್ನೊಂದು ಪೊಟ್ಟಣ ಹೂವು ಕೊಂಡು ಅವನ ಕೈಗೆ ಕೊಟ್ಟಳು.

“ಹೋಗು” ಎಂದಳು. “ಈ ಸಲ ಮೊದಲು ಬೋರ್ಡ್ ಒರೆಸು, ಆಮೇಲೆ ಮಾತಾಡು.”

ಹಾಶಿಮ್ ಮತ್ತೆ ಒಳಗೆ ಹೋದ. ಮಳೆಯ ನಾಲ್ಕು ಹನಿ ಬಿದ್ದವು. ಅವಳು ಅಲ್ಲೇ ಕಾದು ನಿಂತಳು.